ಶಾಂತಮೂರ್ತಿ ಅಳಿಸಿದ ಪುಟ

ಕೊಳ್ಳೇಗಾಲದ ಬಸ್ ನಿಲ್ದಾಣಕ್ಕೆ ಹತ್ತಿರದ ಜೆರಾಕ್ಸ್ ಅಂಗಡಿಗಳ ಸಾಲಿನಲ್ಲಿ ಕೊನೆಯದು ಶಾಂತಮೂರ್ತಿಯದು. ಪಹಣಿ ತೆಗೆಸುವವರು, ಜಾತಿ ಆದಾಯದ ಅರ್ಜಿ ಹಾಕುವವರು, ಪರೀಕ್ಷೆಯ ಹಾಲ್ ಟಿಕೆಟ್ ಬೇಕಾದವರು ಬೆಳಗ್ಗೆ ಒಂಬತ್ತಕ್ಕೇ ಬಂದು ಬಾಗಿಲಲ್ಲಿ ನಿಂತಿರುತ್ತಾರೆ. ನಲವತ್ತಾರು ವರ್ಷದ ಈ ಮನುಷ್ಯ ಯಾರ ಮೇಲಾದರೂ ರೇಗಿದ್ದನ್ನು ಕಂಡವರಿಲ್ಲ. ಜೋರಾಗಿ ನಕ್ಕದ್ದನ್ನೂ ಕಂಡವರಿಲ್ಲ. ಸರ್ವರ್ ಕೆಲಸ ಮಾಡದಿದ್ದರೆ "ಮಧ್ಯಾಹ್ನ ಬನ್ನಿ" ಎನ್ನುತ್ತಾನೆ. ಮಧ್ಯಾಹ್ನವೂ ಆಗದಿದ್ದರೆ ಅದೇ ದನಿಯಲ್ಲಿ "ನಾಳೆ ಬನ್ನಿ" ಎನ್ನುತ್ತಾನೆ.

ಅವನು ಯಳಂದೂರು ತಾಲ್ಲೂಕಿನ ಹಳ್ಳಿಯವನು. ಮನೆಯವರದು ರೇಷ್ಮೆಗೂಡಿನ ವ್ಯಾಪಾರ. ಗೂಡಿನ ಮಾರುಕಟ್ಟೆಯ ಗದ್ದಲ ತನಗೆ ಒಗ್ಗದೆಂದು ಇಪ್ಪತ್ತೇಳರ ವಯಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಬಂದು, ಪ್ಲೈವುಡ್ ಅಡ್ಡಗೋಡೆಗಳ ಆರು ಕ್ಯಾಬಿನ್ ಕಟ್ಟಿಸಿ ಸೈಬರ್ ಸೆಂಟರ್ ತೆರೆದ. ಜನರ ಕೈಗೆ ಮೊಬೈಲ್ ಬಂದ ಮೇಲೆ ಕ್ಯಾಬಿನ್‌ಗಳು ಒಂದೊಂದಾಗಿ ಖಾಲಿಯಾದವು. ಪ್ಲೈವುಡ್ ಬಿಚ್ಚಿ ಅದರಲ್ಲೇ ಅರ್ಜಿ ಬರೆಯುವ ಉದ್ದನೆಯ ಮೇಜು ಮಾಡಿಸಿದ.

ಆ ಹಳೆಯ ದಿನಗಳಿಂದ ಒಂದು ಹವ್ಯಾಸ ಮಾತ್ರ ಅವನಲ್ಲಿ ಉಳಿದುಕೊಂಡಿತು. ವಿದೇಶದ ಒಂದು ಕಂಪನಿಯಿಂದ ಅವನು ಅಂತರ್ಜಾಲದಲ್ಲಿ ಜಾಗ ಬಾಡಿಗೆಗೆ ಹಿಡಿದಿದ್ದ. ಅದನ್ನು ತುಂಡು ತುಂಡು ಮಾಡಿ, ಕೊಳ್ಳೇಗಾಲ, ಹನೂರು, ಯಳಂದೂರಿನ ಯಾರು ಕೇಳಿದರೂ ಬಿಟ್ಟಿಯಾಗಿ ಒಂದೊಂದು ಪುಟ ಕೊಡುತ್ತಿದ್ದ. ಇಡೀ ತಾಣಕ್ಕೆ 'ಮೂರು ತಾಲ್ಲೂಕು' ಎಂದು ಹೆಸರಿಟ್ಟಿದ್ದ. ರೇಷ್ಮೆ ಸೀರೆ ನೇಯುವವರ ಪುಟಗಳಿದ್ದವು, ಮದುವೆಯ ಬ್ಯಾಂಡ್‌ಸೆಟ್‌ಗಳ ಪುಟಗಳಿದ್ದವು, ಹಳೆಯ ವಿದ್ಯಾರ್ಥಿಗಳ ಸಂಘದ್ದೊಂದಿತ್ತು. ಪಾಲಾರ್ ಗಡಿಯ ಟೀ ಅಂಗಡಿಯವನೊಬ್ಬ ಬಸ್ಸಿನ ವೇಳೆಗಳನ್ನು ಕನ್ನಡದಲ್ಲೂ ತಮಿಳಲ್ಲೂ ಹಾಕಿದ್ದ. ಒಟ್ಟು ಇನ್ನೂರ ಹನ್ನೆರಡು ಪುಟಗಳು. "ಇದ್ರಿಂದ ನಿಮ್ಗೇನು ಸಿಕ್ಕುತ್ತೆ ಹೇಳಿ?" ಎಂದು ಹೆಂಡತಿ ಭವ್ಯ ಒಮ್ಮೆ ಕೇಳಿದ್ದಳು. ಅವನು "ಗೊತ್ತಿಲ್ಲ" ಎಂದಿದ್ದ. ಪುಟ ಕೊಟ್ಟ ಮೇಲೆ ಅದರಲ್ಲಿ ಯಾರು ಏನು ಬರೆದರೆಂದು ಓದುವ ಅಭ್ಯಾಸ ಅವನಿಗಿರಲಿಲ್ಲ. ಓದುವುದು ತನ್ನ ಕೆಲಸವಲ್ಲ ಎಂದುಕೊಂಡಿದ್ದ.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಮೀನಾ ಎಂಬ ಹುಡುಗಿ ಅಂಗಡಿಗೆ ಬಂದಳು. ಲೊಕ್ಕನಹಳ್ಳಿ ಕಡೆಯವಳು, ಕೂಲಿ ಮಾಡುವವರ ಮನೆಯ ಮಗಳು. ಬಿ.ಎ. ಮುಗಿಸಿ ಹನೂರಿನ ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು.

"ನೀವು ಬಿಟ್ಟಿಯಾಗಿ ಪುಟ ಮಾಡ್ಕೊಡ್ತೀರಂತಲ್ಲ ಸಾ?"

"ಊಂ. ಯಾನ ಹಾಕ್ಬೇಕವ್ವ?"

"ಸತ್ತೋರ ಹೆಸ್ರ."

ಅವನು ತಲೆಯೆತ್ತಿ ನೋಡಿದ. ಯಾರದೆಂದು ಕೇಳಲಿಲ್ಲ. ಪುಟ ತೆರೆದು, ಫೋನಿನಿಂದಲೇ ಬರೆಯುವುದು ಹೇಗೆಂದು ತೋರಿಸಿಕೊಟ್ಟು, ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟ.

ಅವಳು ಬರೆದದ್ದು ಕರೆಂಟು ಬೇಲಿಗಳ ವಿಷಯ. ಕಾಡಂಚಿನ ಹೊಲಗಳಿಗೆ ಆನೆ, ಹಂದಿ ನುಗ್ಗದಂತೆ ಕೆಲವರು ಲೈನಿನ ಕಂಬಕ್ಕೆ ಕೊಕ್ಕೆ ಹಾಕಿ, ಬೇಲಿಯ ತಂತಿಗೆ ನೇರವಾಗಿ ಕರೆಂಟು ಬಿಡುತ್ತಾರೆ. ಅದು ಕಾನೂನಿಗೆ ವಿರುದ್ಧ ಎಂಬುದು ಎಲ್ಲರಿಗೂ ಗೊತ್ತು. ನಾಲ್ಕು ವರ್ಷದಲ್ಲಿ ಆ ಸುತ್ತಿನ ಊರುಗಳಲ್ಲಿ ಅಂಥ ತಂತಿ ತಗುಲಿ ಹನ್ನೊಂದು ದನ, ಒಂದು ಆನೆಮರಿ, ಮೂವರು ಮನುಷ್ಯರು ಸತ್ತಿದ್ದರು. ಮೀನಾ ಊರೂರು ತಿರುಗಿ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು. ಸತ್ತವರ ಹೆಸರು, ದಿನ, ಜಾಗ, ಬೇಲಿ ಯಾರದು, ಇಷ್ಟೇ. ಮೂರನೆಯ ಮನುಷ್ಯ ಅವಳ ಅಪ್ಪ ರಂಗಸ್ವಾಮಿ. ಹಟ್ಟಿಗೆ ಬಾರದ ಕಡಸನ್ನು ಹುಡುಕಿಕೊಂಡು ಹೊತ್ತು ಮೂಡುವಾಗ ಹೋದವನು ಅರಿಸಿನದ ತೋಟವೊಂದರ ಬೇಲಿಯ ಪಕ್ಕ ಬಿದ್ದಿದ್ದ. ಜನ ಸೇರುವಷ್ಟರಲ್ಲಿ ತಂತಿಯನ್ನು ಯಾರೋ ಸುತ್ತಿ ಒಳಗಿಟ್ಟಿದ್ದರು. ಸಾವಿನ ಕಾಗದದಲ್ಲಿ ಹೃದಯಾಘಾತ ಎಂದು ಬರೆದು ಮುಗಿಸಿದರು.

ಆ ಅರಿಸಿನದ ತೋಟ ಶಿವರುದ್ರಸ್ವಾಮಿಯದು. ಶಿವರುದ್ರಸ್ವಾಮಿ ಭವ್ಯಳ ದೊಡ್ಡಪ್ಪ. ತಂದೆಯಿಲ್ಲದ ಅವಳನ್ನು ಸಾಕಿ, ಓದಿಸಿ, ಶಾಂತಮೂರ್ತಿಗೆ ಧಾರೆಯೆರೆದು ಕೊಟ್ಟವರು.

ಶಾಂತಮೂರ್ತಿಗೆ ಇದೆಲ್ಲ ತಿಳಿದದ್ದು ಮೂರು ತಿಂಗಳ ಮೇಲೆ, ಶಿವರುದ್ರಸ್ವಾಮಿಯ ವಕೀಲರ ನೋಟಿಸು ಬಂದಾಗ. ಪುಟವನ್ನು ಕೂಡಲೇ ತೆಗೆಯಬೇಕು, ಇಲ್ಲದಿದ್ದರೆ ಬರೆದವಳ ಜೊತೆಗೆ ಜಾಗ ಕೊಟ್ಟವನ ಮೇಲೂ ಮಾನಹಾನಿಯ ಕೇಸು ಎಂದು ಅದರಲ್ಲಿತ್ತು. ಅದೇ ವಾರ ವಿದೇಶದ ಕಂಪನಿಯಿಂದಲೂ ಮೇಲ್ ಬಂತು. ನಿಮ್ಮ ಒಂದು ಪುಟದ ಮೇಲೆ ದೂರು ಬಂದಿದೆ, ಒಂದು ವಾರದೊಳಗೆ ಸರಿಪಡಿಸದಿದ್ದರೆ ಪೂರ್ತಿ ತಾಣವನ್ನೇ ನಿಲ್ಲಿಸುತ್ತೇವೆ ಎಂದು. ಆಗ ಅವನು ಮೊದಲ ಸಲ ಆ ಪುಟವನ್ನು ತೆರೆದ. ಮೇಲಿನಿಂದ ಕೆಳಗೆ ಜಾರಿಸುತ್ತ ಹೋಗಿ, ಗುರುತಿನ ಹೆಸರು ಕಂಡ ಕಡೆ ನಿಂತು, ಮುಚ್ಚಿಬಿಟ್ಟ.

ಆ ಭಾನುವಾರ ಮಧ್ಯಾಹ್ನ ಶಿವರುದ್ರಸ್ವಾಮಿ ಊಟಕ್ಕೆ ಬಂದರು. ಊಟ ಮುಗಿದು ಎಲೆ ಅಡಿಕೆ ಹಾಕಿಕೊಳ್ಳುವವರೆಗೂ ಮಳೆ, ಬೆಳೆ, ಮೊಮ್ಮಕ್ಕಳ ಮಾತಾಡಿದರು.

"ಆ ಉಡುಗಿ ಬರ್ದದ್ದಕ್ಕೆ ನಂಗೆ ಬೇಜಾರಿಲ್ಲ ಅಳೀಮಯ್ಯ," ಎಂದರು ಕೊನೆಗೆ. "ನಿನ್ ಮನೇಲಿ ಕೂತ್ಕಂಡು ಬರುದ್ಲಲ್ಲ, ಅದ್ಕೆ ಬೇಜಾರು."

"ನನ್ ಮನೆ ಅಲ್ಲ ಮಾವ. ಜಾಗ ಮಾತ್ರ ನಂದು. ಬರ್ಯೋದು ಅವ್ರವ್ರೇಯ."

"ಜಾಗ ನಿಂದು ಅಂದ್ಮೇಲೆ ಇನ್ಯಾನ?"

ಭವ್ಯ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ನಲ್ಲಿಯ ಸದ್ದು ಬಹಳ ಹೊತ್ತು ಕೇಳಿಸುತ್ತಲೇ ಇತ್ತು.

ಮರುದಿನ ಬೆಳಗ್ಗೆ ಅಂಗಡಿ ತೆರೆಯುವಾಗ ಲೊಕ್ಕನಹಳ್ಳಿಯ ಕಡೆಯಿಂದ ಬಂದ ಮುದುಕನೊಬ್ಬ ಬಾಗಿಲಲ್ಲಿ ಕಾದಿದ್ದ. ತನ್ನ ಹೆಸರು ದೊಡ್ಡಸಿದ್ದಯ್ಯ, ಮೀನಾಗೆ ತಾನು ದೊಡ್ಡಪ್ಪ, ಸತ್ತ ರಂಗಸ್ವಾಮಿಯ ಅಣ್ಣ ಎಂದ.

"ಆ ಮಗಾ ಬರ್ದಿರಾದ್ನ ತೆಗ್ದಾಕಿ ಸಾ. ದೊಡ್ಡೋರ ಯೆಸ್ರು ಮಾತ್ರ ಅಲ್ಲ, ನಮ್ಮೋರ ಯೆಸ್ರೂ ಅದ್ರಲ್ಲಿ ಅದೆ. ನಾವೂ ಒಂದೊಂದ್ಸಲ ತಂತಿ ಕಟ್ಟಿಂವಿ. ಅಂದಿ ಬಂದು ಒಂದಿನಕ್ಕೆ ಜೋಳವೆಲ್ಲಾ ಮಟ್ಟ ಮಾಡ್ಬುಟ್ರೆ ಯಾನ ಮಾಡನ? ಫಾರೆಸ್ಟ್‌ನೋರು ಬಂದು ನಮ್ಮುನ್ನ ಎಳ್ಕಂಡೋಯ್ತಾರೆ ಅಷ್ಟೇಯ."

"ನಿಮ್ ತಮ್ಮನ ಹೆಸ್ರೂ ಅದ್ರಲ್ಲಿದೆಯಲ್ಲ ಯಜಮಾನ್ರೇ."

"ಅವ್ನು ಓಗ್ಬುಟ್ಟ," ಎಂದ ದೊಡ್ಡಸಿದ್ದಯ್ಯ. ಮುಖ ಒರೆಸಿಕೊಂಡು ಬೆಂಚಿನ ಮೇಲೆ ಕೂತ. ಹನ್ನೊಂದರ ಬಸ್ಸಿನವರೆಗೂ ಹಾಗೇ ಕೂತಿದ್ದ.

ಅವನು ಎದ್ದು ಹೋದ ಮೇಲೆ ಶಾಂತಮೂರ್ತಿ ಪುಟವನ್ನು ಅಳಿಸಿದ. ಖಚಿತವೇ ಎಂದು ಯಂತ್ರ ಕೇಳಿತು, ಹೌದೆಂದು ಒತ್ತಿದ. ಉಳಿಸಿಟ್ಟ ಪ್ರತಿಯನ್ನೂ ಅಳಿಸಬೇಕೇ ಎಂದು ಕೇಳಿತು, ಅದಕ್ಕೂ ಹೌದೆಂದು ಒತ್ತಿದ. ಒಂದು ಪುಟಕ್ಕಾಗಿ ಇನ್ನೂರ ಹನ್ನೊಂದನ್ನು ಕಳೆದುಕೊಳ್ಳಲಾಗದು ಎಂದು ತನಗೆ ತಾನೇ ಹೇಳಿಕೊಂಡ. ಎದೆಯಲ್ಲಿ ಏನಾದರೂ ಆಗಬಹುದೆಂದು ಕಾದ. ಏನೂ ಆಗಲಿಲ್ಲ. ಮೇಜಿನ ಮೇಲಿನ ಟೀ ಕೆನೆಗಟ್ಟಿತ್ತು. ಅದನ್ನೇ ಕುಡಿದು ಮುಂದಿನವರ ಅರ್ಜಿ ತೆಗೆದುಕೊಂಡ.

ನಾಲ್ಕು ದಿನದ ಮೇಲೆ ಮೀನಾ ಬಂದಳು. ಜಗಳವಾಡುತ್ತಾಳೆ ಎಂದುಕೊಂಡಿದ್ದ. ಅವಳು ಸರದಿಯಲ್ಲಿ ನಿಂತು, ತನ್ನ ಪಾಳಿ ಬಂದಾಗ ಮೆಲ್ಲಗೆ ಕೇಳಿದಳು.

"ಯಾವ್ದು ಸುಳ್ಳು ಅಂತ ಹೇಳಿದ್ರೆ ಅದೊಂದ್ನ ನಾನೇ ತೆಗೀತಿದ್ನಲ್ಲ ಸಾ."

"ಸುಳ್ಳು ಅಂತ ನಾನು ಹೇಳ್ನಿಲ್ಲ ಕಣವ್ವ."

"ಮತ್ತೆ?"

ಅವನು ಕೀಬೋರ್ಡಿನ ಕಡೆ ನೋಡಿದ. ಹಿಂದೆ ನಿಂತಿದ್ದವರು "ಬೇಗ ಬುಡ್ರಪ್ಪ, ಬಸ್ಸು ಓಯ್ತದೆ" ಎಂದರು. ಮೀನಾ ಪಕ್ಕಕ್ಕೆ ಸರಿದು, ಬಂದ ದಾರಿಯಲ್ಲೇ ಹೋದಳು.

ಅವಳು ಅದನ್ನೆಲ್ಲ ಬಿಟ್ಟಿಯಾಗಿ ಜಾಗ ಕೊಡುವ ಹೊರದೇಶದ ಒಂದು ದೊಡ್ಡ ತಾಣಕ್ಕೆ ಹಾಕಿದಳು. ಒಂಬತ್ತು ದಿನ ಇತ್ತು, ಹತ್ತನೆಯ ದಿನ ಅಲ್ಲೂ ಕಾಣೆಯಾಯಿತು. ನಮ್ಮ ನಿಯಮಗಳನ್ನು ಉಲ್ಲಂಘಿಸಿದ್ದೀರಿ ಎಂದು ಎರಡು ಸಾಲಿನ ಮೇಲ್. ಯಾವ ನಿಯಮ ಎಂದು ಕೇಳಿ ಅವಳು ಮೂರು ಸಲ ಬರೆದಳು. ಮೂರು ಸಲವೂ ಅದೇ ಎರಡು ಸಾಲು ಬಂತು. ಫೋನ್ ಹಿಡಿದುಕೊಂಡು ಮತ್ತೆ ಶಾಂತಮೂರ್ತಿಯ ಅಂಗಡಿಗೇ ಬಂದಳು. ಅವಳಿಗೆ ಇಂಥದ್ದು ಗೊತ್ತಿರುವ ಬೇರೆ ಯಾರೂ ಇರಲಿಲ್ಲ.

"ಇದ್ನ ಬರ್ದಿರೋರು ಯಾರು ಸಾ? ಅವ್ರ ಜೊತೇಲಿ ಮಾತಾಡ್ಬೌದಾ?"

"ಯಾರೂ ಬರ್ದಿಲ್ಲ ಕಣವ್ವ. ಮಿಷೀನು ಕಳ್ಸದು ಇದು."

"ನಿಮ್ಮನ್ನಾದ್ರೆ ಎದ್ರಿಗೆ ನಿಂತ್ಕಂಡು ಕೇಳ್ದೆ," ಎಂದಳು ಮೀನಾ. ಅದರಲ್ಲಿ ಕೋಪವಿರಲಿಲ್ಲ. ಅವನಿಗೂ ಆ ಹೊತ್ತಿಗೆ ನಾಚಿಕೆಯಾಗಲಿಲ್ಲ. ಪಕ್ಕದ ಪ್ರಿಂಟರ್‌ಗೆ ಕಾಗದ ತುಂಬಿದ.

ಪುಟ ಹೋದರೂ ಕೇಸು ಬಂತು. ಶಿವರುದ್ರಸ್ವಾಮಿ ಮೀನಾಳ ಮೇಲೆ ಕೊಳ್ಳೇಗಾಲದ ನ್ಯಾಯಾಲಯದಲ್ಲಿ ಮಾನಹಾನಿಯ ದೂರು ಹಾಕಿದರು. ಸಮನ್ಸ್ ಬಂದ ವಾರದಲ್ಲೇ ಅವಳ ಶಾಲೆಯವರು, ಬರುವ ವರ್ಷ ನೋಡೋಣ ಎಂದು ಮನೆಗೆ ಕಳಿಸಿದರು. ಶಾಂತಮೂರ್ತಿಯನ್ನು ಕೇಸಿನಿಂದ ಬಿಟ್ಟಿದ್ದರು. ಬದಲಿಗೆ ದೂರುದಾರರ ಕಡೆಯ ಸಾಕ್ಷಿ ಮಾಡಿಕೊಂಡರು. ವಕೀಲರು ಅವನನ್ನು ಕೂರಿಸಿಕೊಂಡು, ಹೇಳಬೇಕಾದ್ದು ಮೂರೇ ಮಾತು ಎಂದು ಬೆರಳು ಮಡಿಸಿ ಹೇಳಿಕೊಟ್ಟರು. ಪುಟ ಇತ್ತು. ಅದನ್ನು ಬರೆದವಳು ಇವಳೇ. ಸುಳ್ಳೆಂದು ತಿಳಿದ ಕೂಡಲೇ ತಾನು ತೆಗೆದೆ.

ಸಾಕ್ಷಿಯ ದಿನ ಬರುವುದರೊಳಗೆ ವರ್ಷ ಕಳೆಯಿತು. ಎರಡು ಸಲ ಹೋಗಿ ಮುಂದೂಡಿಕೆಯಾಗಿ ಬಂದ. ಎರಡು ಸಲವೂ ಜಗಲಿಯ ಆ ತುದಿಯಲ್ಲಿ ಮೀನಾ ಮತ್ತು ಅವಳ ತಾಯಿ ಚಾಮುಂಡಮ್ಮ ಕೂತಿದ್ದರು, ಈ ತುದಿಯಲ್ಲಿ ಅವನು. ಚಾಮುಂಡಮ್ಮ ಅವನನ್ನು ನೋಡಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು, ಗೌರವಕ್ಕೆ ಮಾಡುವಂತೆ.

ಮೂರನೆಯ ಸಲ ಕೂಗಿದರು. ಮೊದಲೆರಡು ಮಾತನ್ನು ಹೇಳಿದ. ಮೂರನೆಯದಕ್ಕೆ ವಕೀಲರು, "ಆಮೇಲೆ ಅದನ್ನು ತೆಗೆದಿರಿ?" ಎಂದರು. "ತೆಗ್ದೆ," ಎಂದ. ಮುಂದಿನದನ್ನು ಅವನೇ ಹೇಳಲೆಂದು ವಕೀಲರು ಕಾದರು. ಕೊನೆಗೆ ಅವರು ಕೂತರು.

ಮೀನಾಳ ಪರವಾಗಿ ಎದ್ದವರು ಮಾದಸ್ವಾಮಿ ಎಂಬ ವಕೀಲರು. ದಪ್ಪ ಕನ್ನಡಕ, ನಿಧಾನದ ಮಾತು.

"ಪುಟ ತೆಗೆಯಬೇಕೆಂದು ನಿಮಗೆ ಯಾವುದಾದರೂ ಕೋರ್ಟಿನ ಆದೇಶ ಬಂದಿತ್ತೇ?"

"ಇಲ್ಲ. ವಕೀಲರ ನೋಟಿಸು ಬಂದಿತ್ತು."

"ನೋಟಿಸು ಆದೇಶವಲ್ಲ. ಅದರಲ್ಲಿ ಬರೆದದ್ದು ಸುಳ್ಳು ಎಂದು ನೀವು ವಿಚಾರಿಸಿ ನೋಡಿದಿರಾ?"

"ಇಲ್ಲ."

"ಹಾಗಾದರೆ ಯಾಕೆ ತೆಗೆದಿರಿ?"

ಇನ್ನೂರ ಹನ್ನೊಂದು ಪುಟಗಳ ಮಾತು ನಾಲಿಗೆಯ ತುದಿಗೆ ಬಂತು. ವಿದೇಶದ ಕಂಪನಿಯ ಮೇಲ್‌ನ ಪ್ರಿಂಟನ್ನೂ ಮಡಿಸಿ ಜೇಬಿನಲ್ಲಿಟ್ಟುಕೊಂಡಿದ್ದ. ಅದನ್ನು ಹೇಳಿದರೆ ಯಾರಿಗೂ ನೋವಿಲ್ಲದೆ ಮುಗಿಯುತ್ತಿತ್ತು.

"ಅವ್ರು ನಮ್ ಮಾವ," ಎಂದ ಶಾಂತಮೂರ್ತಿ. "ಹೆದ್ರಿ ತೆಗ್ದೆ. ಸುಳ್ಳು ಅಂತ ತೆಗೀಲಿಲ್ಲ."

ನ್ಯಾಯಾಧೀಶರು ಅದನ್ನು ಇಂಗ್ಲಿಷಿನಲ್ಲಿ ಬರೆಸಿದರು. ಟೈಪಿಸ್ಟ್ ಒಂದೇ ಸಾಲಿನಲ್ಲಿ ಮುಗಿಸಿದ. ಧೈರ್ಯ ಮಾಡಿ ಹೇಳಿದೆ ಎಂದು ಅವನಿಗೆ ಅನಿಸಲಿಲ್ಲ. ಬೇರೆ ಮಾತು ಬಾಯಿಗೆ ಬಂದರೂ ಹೊರಡಲಿಲ್ಲ, ಅಷ್ಟೇ. ಹೊರಗೆ ಬಂದು ಹೋಟೆಲಿನಲ್ಲಿ ಎರಡು ಇಡ್ಲಿ ತಿಂದ. ರುಚಿ ತಿಳಿಯಲಿಲ್ಲ. ಅಂಗಡಿಗೆ ಹೋದಾಗ ಆರು ಜನ ಕಾದಿದ್ದರು.

ಆ ದಿನದಿಂದ ಶಿವರುದ್ರಸ್ವಾಮಿ ಅವನ ಮನೆಗೆ ಬರಲಿಲ್ಲ, ನ್ಯಾಯಾಲಯಕ್ಕೂ ಬರಲಿಲ್ಲ. ಮುಂದಿನ ಮೂರು ವಿಚಾರಣೆಗೂ ದೂರುದಾರರ ಗೈರು. ನ್ಯಾಯಾಧೀಶರು ದೂರನ್ನು ವಜಾ ಮಾಡಿ ಮೀನಾಳನ್ನು ಬಿಟ್ಟರು. ರಂಗಸ್ವಾಮಿ ಹೇಗೆ ಸತ್ತನೆಂದು ಅಲ್ಲಿ ಯಾರೂ ಕೇಳಲಿಲ್ಲ, ಅದು ಆ ಕೇಸಿನ ವಿಷಯವಾಗಿರಲಿಲ್ಲ. ಅರಿಸಿನದ ತೋಟಕ್ಕೆ ಈಗ ಸೋಲಾರ್ ಬೇಲಿ ಬಂದಿದೆ ಎಂದು ಯಾರೋ ಹೇಳಿದರು.

ಭವ್ಯ ತವರಿನ ಮಾತೆತ್ತುವುದನ್ನು ನಿಲ್ಲಿಸಿದಳು. ದೊಡ್ಡಪ್ಪನ ಮನೆಯಲ್ಲಿ ನಾಮಕರಣವಾದದ್ದು ಆಕೆಗೆ ಪಕ್ಕದ ಮನೆಯವರಿಂದ ತಿಳಿಯಿತು. ಗಂಡನ ಜೊತೆ ಜಗಳವಾಡಲಿಲ್ಲ. ಬೆಳಗ್ಗೆ ತಿಂಡಿ, ಮಧ್ಯಾಹ್ನಕ್ಕೆ ಡಬ್ಬಿ, ಎಲ್ಲ ಮೊದಲಿನ ಹಾಗೇ ನಡೆಯಿತು.

ಕೇಸು ಮುಗಿದ ಮೇಲೆ ಶಾಂತಮೂರ್ತಿ ತಾನೇ ಮೀನಾಗೆ ಫೋನ್ ಮಾಡಿದ. ಅವಳು ಈಗ ಒಂದು ಗಾರ್ಮೆಂಟ್ಸ್‌ನಲ್ಲಿ ಕೆಲಸಕ್ಕೆ ಸೇರಿದ್ದಳು. ಹಿಂದೆ ಮಿಷನ್ನುಗಳ ಸದ್ದು.

"ಪುಟ ಮತ್ತೆ ಹಾಕ್ಲಾ?"

"ನಿಮ್ ಇಷ್ಟ ಸಾ."

"ಹಂಗಲ್ಲ. ನೀನು ಹೇಳು."

"ನೋಟ್‌ಬುಕ್ಕು ಅವ್ವನ ತಾವದೆ, ಕಳ್ಸಿಕೊಡ್ತೀನಿ. ನಂಗೆ ಟೈಪ್ ಮಾಡಕ್ಕೆ ಪುರ್ಸೊತ್ತಿಲ್ಲ," ಎಂದಳು.

ಬಸ್ಸಿನ ಕಂಡಕ್ಟರ್ ಕೈಯಲ್ಲಿ ನೋಟ್‌ಬುಕ್ಕು ಬಂತು. ಜನ ಕಡಿಮೆಯಿರುವ ಮಧ್ಯಾಹ್ನಗಳಲ್ಲಿ ಶಾಂತಮೂರ್ತಿ ಅದನ್ನು ಒಂದೊಂದೇ ಸಾಲು ಓದಿ ಟೈಪ್ ಮಾಡಿದ. ದನಗಳಿಗೂ ಹೆಸರುಗಳಿದ್ದವು. ಮೂರು ದಿನ ಹಿಡಿಯಿತು. ಯಾರ ಹೆಸರನ್ನೂ ಬಿಡಲಿಲ್ಲ. ಮತ್ತೆ ನೋಟಿಸು ಬರುತ್ತದೆಂದು ಕಾದ, ಬರಲಿಲ್ಲ. ಒಂದು ತಿಂಗಳಲ್ಲಿ ಆ ಪುಟವನ್ನು ಹದಿನಾಲ್ಕು ಸಲ ತೆರೆದಿದ್ದರು. ಅದರಲ್ಲಿ ಹತ್ತು ಸಲ ತಾನೇ.

ಒಂದು ಭಾನುವಾರ ಅವನು ಪೇಪರ್ ಓದುತ್ತಿದ್ದಾಗ ಭವ್ಯ ತನ್ನ ಫೋನಿನಲ್ಲಿ ಅದನ್ನು ತೆರೆದದ್ದು ಕಂಡಿತು. ಬಾಗಿಲ ಬಳಿ ನಿಂತುಕೊಂಡೇ, ಬೆರಳಿನಿಂದ ಮೆಲ್ಲಗೆ ಮೇಲೆ ಸರಿಸುತ್ತ ಕೊನೆಯವರೆಗೂ ಓದಿದಳು. ಆಮೇಲೆ ಫೋನನ್ನು ಮಗುಚಿ ಕಿಟಕಿಯ ಮೇಲಿಟ್ಟು, ದೋಸೆಗೆ ಅಕ್ಕಿ ನೆನೆಹಾಕಲು ಒಳಗೆ ಹೋದಳು. ಅವನು ಪೇಪರಿನ ಹಾಳೆ ತಿರುವಿದ.