ಕಮಲಾಕ್ಷಮ್ಮ ಮಿಸ್ ಶಂಕುಜ ಕಲಿತದ್ದು

೧೯೭೪ರ ದಸರಾ ರಜೆ ಮುಗಿದು ಶಾಲೆ ತೆರೆದಾಗ ನಮ್ಮ ಹತ್ತನೇ ತರಗತಿಗೆ ಗಣಿತದ ಮೇಷ್ಟ್ರೇ ಇರಲಿಲ್ಲ. ರಜೆಯಲ್ಲೇ ಅವರಿಗೆ ಶಿವಮೊಗ್ಗಕ್ಕೆ ವರ್ಗವಾಗಿತ್ತು. ರಾಜಾಜಿನಗರದ ಆ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಐಚ್ಛಿಕ ಗಣಿತ ತೆಗೆದುಕೊಂಡಿದ್ದವರು ನಾವು ಹನ್ನೊಂದೇ ಮಂದಿ. ಅಷ್ಟು ಜನಕ್ಕಾಗಿ ಹೊಸಬರನ್ನು ಯಾರು ಕಳಿಸುತ್ತಾರೆ? ಹೆಡ್‌ಮಿಸ್ ಕಲ್ಯಾಣಮ್ಮನವರು ಎಂಟನೇ ತರಗತಿಗೆ ಅಂಕಗಣಿತ ಹೇಳಿಕೊಡುತ್ತಿದ್ದ ಕಮಲಾಕ್ಷಮ್ಮ ಮಿಸ್‌ರನ್ನು ನಮ್ಮ ಕೋಣೆಗೆ ಕಳಿಸಿದರು.

ಮಿಸ್‌ಗೆ ಆಗ ಐವತ್ತಕ್ಕೆ ಒಂದು ಕಡಿಮೆ. ಹಣೆಯಲ್ಲಿ ತೆಳ್ಳನೆಯ ವಿಭೂತಿ, ಮೊಣಕೈವರೆಗಿನ ರವಿಕೆ, ಮಾತಿನಲ್ಲಿ ಚಿತ್ರದುರ್ಗದ ಗಡಸು. ಮೊದಲು ಪ್ರೈಮರಿ ಶಾಲೆಯಲ್ಲಿ ಮಗ್ಗಿ ಹೇಳಿಸಿ ಹೇಳಿಸಿ ಆಮೇಲೆ ಹೈಸ್ಕೂಲಿಗೆ ಬಂದವರು. ಅವರಿಗೆ ಹೆದರದ ಹುಡುಗಿ ನಮ್ಮಲ್ಲಿ ಇರಲಿಲ್ಲ.

ಎರಡು ವಾರ ಎಲ್ಲ ಸರಿಯಾಗೇ ನಡೆಯಿತು. ಆಮೇಲೆ ಶಂಕುಜಗಳು ಅನ್ನುವ ಅಧ್ಯಾಯ ಬಂತು. ಮಿಸ್ ಪುಸ್ತಕ ನೋಡಿಕೊಂಡು ಬೋರ್ಡಿನ ಮೇಲೆ ಒಂದು ಬಾಗಿದ ಗೆರೆ ಎಳೆದರು, ಅದರ ಕೆಳಗೆ ಪರವಲಯದ ಸಮೀಕರಣ ಬರೆದರು. ಅನಂತಲಕ್ಷ್ಮಿ ಎದ್ದು ನಿಂತಳು. ಅವಳು ಸುಮ್ಮನೆ ಕೂರುವವಳಲ್ಲ.

"ಮಿಸ್, ಶಂಕು ಕತ್ತರಿಸಿದ್ರೆ ಈ ಗೆರೆ ಬರುತ್ತೆ ಅಂತ ಬುಕ್ಕಲ್ಲಿದೆ. ಹೇಗೆ ಬರುತ್ತೆ?"

ಮಿಸ್ ಪುಸ್ತಕವನ್ನು ನೋಡಿದರು, ಬೋರ್ಡನ್ನು ನೋಡಿದರು. ಏಟು ಬೀಳುತ್ತದೆ ಅಂದುಕೊಂಡೆವು. ಅವರು ಚಾಕ್‌ಪೀಸನ್ನು ಮೇಜಿನ ಮೇಲಿಟ್ಟು, "ನಂಗೂ ಗೊತ್ತಿಲ್ಲ ಕಣೇ," ಅಂದರು. "ನಾನು ಇದನ್ನ ಓದೇ ಇಲ್ಲ. ತಿಳ್ಕೊಂಡು ಬಂದು ಹೇಳ್ತೀನಿ. ಹದಿನೈದು ದಿನ ಟೈಮ್ ಕೊಡ್ರಿ."

ಟೀಚರೊಬ್ಬರ ಬಾಯಲ್ಲಿ ಅಂಥ ಮಾತನ್ನು ನಾವು ಅದುವರೆಗೆ ಕೇಳಿರಲಿಲ್ಲ. ವಿಷಯ ಹೆಡ್‌ಮಿಸ್ ಕಿವಿಗೂ ಬಿತ್ತು. "ಆ ಪಾಠ ಬಿಟ್ಟುಬಿಡಿ ಕಮಲಾಕ್ಷಮ್ಮ, ಪರೀಕ್ಷೇಲಿ ಚಾಯ್ಸ್ ಇರುತ್ತಲ್ಲ," ಎಂದು ವರಾಂಡದಲ್ಲೇ ಹೇಳಿದರಂತೆ. "ಹುಡುಗಿ ಕೇಳಿದಾಳೆ ಮೇಡಂ, ಹೇಗೆ ಬಿಡ್ಲಿ?" ಎಂದು ಇವರು ಹೊರಟುಬಿಟ್ಟರಂತೆ.

ಎಲ್ಲಿಗೆ ಹೊರಟರು ಅನ್ನುವುದು ಆ ಸಂಜೆಯೇ ನನಗೆ ಗೊತ್ತಾಯಿತು. ಗೋವಿಂದರಾಜನಗರದ ನಮ್ಮ ವಠಾರಕ್ಕೆ ಸಂಜೆ ಐದಕ್ಕೆ, ಕಂಕುಳಲ್ಲಿ ನೋಟ್‌ಬುಕ್ ಇಟ್ಟುಕೊಂಡು ಮಿಸ್ ಬಂದರು. ನನ್ನ ಮೇಲೆ ದೂರು ಹೇಳಲು ಬಂದಿದ್ದಾರೆಂದು ನಾನು ಅಡುಗೆಮನೆ ಸೇರಿದೆ. ಆದರೆ ಅವರು ಹೋದದ್ದು ಪಕ್ಕದ ಸತ್ಯವತಮ್ಮನವರ ಮನೆಗೆ. ಅವರ ಮಗ ಚಕ್ರಪಾಣಿ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದ. ಪ್ರೈಮರಿಯಲ್ಲಿ ಮಿಸ್ ಕೈಯಲ್ಲಿ ಓದಿದವನು.

ನಾನು ಕಿಟಕಿಯ ಹತ್ತಿರ ನಿಂತು ನೋಡಿದೆ. ಚಕ್ರಪಾಣಿ ಇದ್ದ ಒಂದೇ ಕುರ್ಚಿಯನ್ನು ಒರೆಸಿ ಮುಂದಕ್ಕೆ ತಳ್ಳಿದ.

"ಕೂತ್ಕೊಳಿ ಮಿಸ್."

"ಹೇಳ್ಕೊಡೋನು ನೀನು, ನೀನು ಕೂತ್ಕೊ," ಅಂದವರೇ ಮಿಸ್ ಚಾಪೆಯ ಮೇಲೆ ಕೂತು ನೋಟ್‌ಬುಕ್ ಬಿಚ್ಚಿದರು. ಅವನಿಗೆ ಕೂರಲೂ ಆಗದು, ನಿಲ್ಲಲೂ ಆಗದು. ಕೊನೆಗೆ ಅವನೂ ಚಾಪೆಯ ಇನ್ನೊಂದು ತುದಿಗೆ ಬಂದು ಕೂತ.

ದಿನಾ ಸಂಜೆ ಒಂದು ಗಂಟೆ ಪಾಠ. ಮಿಸ್ ಮನೆಯಲ್ಲಿ ಲೆಕ್ಕ ಮಾಡಿ ತರುವರು, ಅವನು ಪೆನ್ಸಿಲ್ಲಿನಲ್ಲಿ ನಾಜೂಕಾಗಿ ತಿದ್ದುವನು. ಒಂದು ದಿನ ಅವನು ತಲೆ ಕೆರೆದುಕೊಂಡು, "ಇಲ್ಲಿ ಮೈನಸ್ ಬಿಟ್ಟಿದೀರ ಮಿಸ್... ನಿನ್ನೇನೂ ಬಿಟ್ಟಿದ್ರಿ," ಅಂದ.

"ನಾಲ್ಕನೇ ಕ್ಲಾಸಲ್ಲಿ ಹದಿಮೂರರ ಮಗ್ಗಿ ತಪ್ಪಿದ್ದಕ್ಕೆ ನಿನ್ನ ಕಿವಿ ಹಿಂಡಿದ್ದೆ ಅಲ್ವೇನೋ? ಈಗ ತೀರಿಸ್ಕೊ," ಎಂದು ಮಿಸ್ ಕಿವಿ ಮುಂದೆ ಮಾಡಿದರು. ಚಕ್ರಪಾಣಿಯ ಮುಖ ಕೆಂಪಾಯಿತು. ಸತ್ಯವತಮ್ಮ ಒಳಗಿನಿಂದ ನಕ್ಕಿದ್ದು ನಮ್ಮನೆಗೂ ಕೇಳಿತು.

ಹದಿನೈದನೇ ದಿನ ಮಿಸ್ ಕ್ಲಾಸಿಗೆ ಒಂದು ಹಲಗೆ ಹೊತ್ತುಕೊಂಡು ಬಂದರು. ಹಿಂದೆ ಶಾಲೆಯ ಆಯಾ ಶಿವಕ್ಕ, ಅವಳ ತಲೆಯ ಮೇಲೆ ಮಂಕರಿ ಬುಟ್ಟಿ. ಮಲ್ಲತ್ತಹಳ್ಳಿಯ ತನ್ನ ಮನೆಯಿಂದ ಬರುವಾಗ ಕೆರೆಯ ಜೇಡಿಮಣ್ಣು ತುಂಬಿಕೊಂಡು ಬಂದಿದ್ದಳು. ಮಿಸ್ ಸೆರಗು ಸಿಕ್ಕಿಸಿ, ಮಣ್ಣು ನಾದಿ, ಅಂಗೈಯಿಂದ ತಟ್ಟಿ ತಟ್ಟಿ ಒಂದು ಮೊಳ ಎತ್ತರದ ಶಂಕು ಮಾಡಿದರು. ಆಮೇಲೆ ಎರಡೂ ಕೈಗೆ ದಾರ ಸುತ್ತಿಕೊಂಡರು.

"ನೋಡ್ರೇ, ಅಡ್ಡಕ್ಕೆ ನೇರ ಕುಯ್ದೆ. ಏನಾಯ್ತು?"

"ವೃತ್ತ ಮಿಸ್!"

ದಾರ ಸ್ವಲ್ಪ ಓರೆಯಾದಾಗ ದೀರ್ಘವೃತ್ತ ಬಂತು. ಶಂಕುವನ್ನು ಮತ್ತೆ ತಟ್ಟಿ, ಅದರ ಒಂದು ಪಕ್ಕ ಎಷ್ಟು ಇಳಿಜಾರಾಗಿತ್ತೋ ಅಷ್ಟೇ ಇಳಿಜಾರಾಗಿ ದಾರ ಎಳೆದಾಗ, ಬೋರ್ಡಿನ ಮೇಲೆ ಕಂಡಿದ್ದ ಅದೇ ಬಾಗಿದ ಗೆರೆ ಒದ್ದೆ ಮಣ್ಣಿನಲ್ಲಿ ಹೊಳೆಯಿತು. ಅನಂತಲಕ್ಷ್ಮಿ, "ಅಯ್ಯೋ, ಬಂತು!" ಎಂದು ಕಿರುಚಿದಳು. ನಾವು ಆ ತುಂಡುಗಳನ್ನು ನೋಟ್‌ಬುಕ್ಕಿನ ಹಾಳೆಗೆ ಒತ್ತಿ ಅಚ್ಚು ತೆಗೆದುಕೊಂಡೆವು. ಬೆಂಚು, ಲಂಗ, ಜಡೆ ಎಲ್ಲ ಮಣ್ಣು. ಸಮೀಕರಣ ಮಾರನೆಯ ದಿನ ಬಂತು, ಯಾರಿಗೂ ಭಯವಾಗಲಿಲ್ಲ. ಆ ಮಣ್ಣಿನ ವಾಸನೆಯ ಹಾಳೆಗಳು ನನ್ನ ಪೆಟ್ಟಿಗೆಯಲ್ಲಿ ಬಹಳ ವರ್ಷ ಇದ್ದವು. ಮನೆ ಬದಲಿಸುವಾಗ ಎಲ್ಲೋ ಹೋದವು.

ಅಧ್ಯಾಯ ಮುಗಿದ ಮೇಲೂ ಸೋಮವಾರ ಸಂಜೆ ಮಿಸ್ ವಠಾರಕ್ಕೆ ಬಂದರು. ಚಕ್ರಪಾಣಿಗೆ ಆಶ್ಚರ್ಯ.

"ಪಾಠ ಮುಗೀತಲ್ಲ ಮಿಸ್?"

"ಸ್ಕೂಲಿಂದು ಮುಗೀತು ಕಣೋ. ಇದರ ಮುಂದೆ ಏನಿದೆ, ಅದನ್ನ ಹೇಳು."

ಸತ್ಯವತಮ್ಮ ಕಾಫಿ ತಂದುಕೊಟ್ಟು, "ಈ ವಯಸ್ಸಲ್ಲಿ ಯಾಕ್ರೀ ಈ ತಲೆನೋವು?" ಎಂದು ಕೇಳಿದರು. ಮಿಸ್ ಲೋಟ ಕೆಳಗಿಟ್ಟರು. "ಹದಿನಾಲ್ಕಕ್ಕೆ ನಮ್ಮಪ್ಪ ಸ್ಕೂಲು ಬಿಡಿಸಿ ಮದುವೆ ಮಾಡಿದ್ರು. ಗಂಡ ಹೋದ್ಮೇಲೆ ಹೊಟ್ಟೆಪಾಡಿಗೆ ಅಂತ ಟ್ರೈನಿಂಗ್ ಮಾಡ್ಕೊಂಡೆ. ಇಷ್ಟ ಅಂತ ಏನನ್ನೂ ಓದ್ಲಿಲ್ಲ," ಅಂದರು.

ಪರೀಕ್ಷೆಯಲ್ಲಿ ದೀರ್ಘವೃತ್ತದ ಪ್ರಶ್ನೆ ಬಂತು. ಹನ್ನೊಂದು ಜನರಲ್ಲಿ ಒಂಬತ್ತು ಮಂದಿ ಅದನ್ನೇ ಬರೆದೆವು. ನಾನು ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡೆ. ಚಕ್ರಪಾಣಿ ಎಂ.ಎಸ್ಸಿ.ಯನ್ನೂ ಮುಗಿಸಿ, ಮಂಡ್ಯದ ಕಡೆ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿ ಹೊರಟ ದಿನ, ತನ್ನ ಕ್ಯಾಲ್ಕುಲಸ್ ಪುಸ್ತಕವನ್ನು ಮಿಸ್‌ಗೆ ಕೊಟ್ಟು ಕಾಲಿಗೆ ನಮಸ್ಕಾರ ಮಾಡಿದ. ಆಮೇಲೆ ಮಿಸ್ ಶನಿವಾರಗಳಂದು ನಮ್ಮ ಮನೆಗೆ ಬರತೊಡಗಿದರು. ಕಾಲೇಜಿನಲ್ಲಿ ನಾನು ಬರೆದುಕೊಂಡದ್ದನ್ನು ಇಬ್ಬರೂ ಕೂತು ಬಿಡಿಸುತ್ತಿದ್ದೆವು. ಒಂದು ಮಧ್ಯಾಹ್ನ ನಾನು ಮೂರು ದಿನದಿಂದ ಒದ್ದಾಡುತ್ತಿದ್ದ ಲೆಕ್ಕವನ್ನು ಅವರು ಆರೇ ಸಾಲಿನಲ್ಲಿ ಮುಗಿಸಿದರು. ಉತ್ತರ, ಪುಸ್ತಕದ ಕೊನೆಯ ಪುಟದಲ್ಲಿದ್ದದ್ದಕ್ಕೆ ತಾಳೆಯಾಯಿತು. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ನಮ್ಮಪ್ಪ ಇದ್ದಿದ್ರೆ ತೋರಿಸ್ತಿದ್ದೆ ಕಣೇ ರಾಜೇಶ್ವರಿ," ಅಂದರು.