ಆರುನೂರ ಮೂವತ್ತರಲ್ಲಿ ಒಂದು

ಆಂಟಾಪ್ ಹಿಲ್‌ನ ಚಾಳಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಹಾಲವ್ವ ಕೆಲಸಕ್ಕೆ ಕೂರುವ ಮುನ್ನ ಮೂರು ದಿನದಿಂದ ಸುತ್ತಿಟ್ಟಿದ್ದ ಚಾಪೆ ಝಾಡಿಸುತ್ತಾರೆ. ಟಣ್ ಅಂತ ಏನೋ ನೆಲಕ್ಕೆ ಬೀಳುತ್ತದೆ. ಉಗುರಿನಷ್ಟುದ್ದದ ಒಂದು ಸ್ಪ್ರಿಂಗು. ಐವತ್ತೆರಡರ ಈ ಹೆಂಗಸಿನ ಎದೆ ಧಸಕ್ಕೆನ್ನುತ್ತದೆ.

ಒಂದು ಸ್ಪ್ರಿಂಗಿಗೆ ಇಷ್ಟು ಹೆದರಿಕೆಯೇ? ಹೌದು ಮತ್ತೆ! ಹಾಲವ್ವ ಎಣಿಸಿಕೊಂಡೇ ಕೂರುವವರು. ಪ್ರೊಟೀನಿನ ಒಂದು ಮಾದರಿಗೆ ಇನ್ನೂರ ಹದಿನಾಲ್ಕು ಮಣಿ, ಆರುನೂರ ಮೂವತ್ತು ಸ್ಪ್ರಿಂಗು, ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ನೆಲದ ಮೇಲೆ ಒಂದು ಬಿದ್ದಿದೆ ಎಂದರೆ, ಶುಕ್ರವಾರ ಕಾಲೇಜಿಗೆ ಕೊಟ್ಟು ಬಂದ ಮಾದರಿಯಲ್ಲಿ ಒಂದು ಕೊಂಡಿ ಖಾಲಿ.

ನಮ್ಮ ಮೈಯೊಳಗಿನ ಪ್ರೊಟೀನುಗಳು ಕಲ್ಲಿನ ಹಾಗೆ ಕೂತಿರುವುದಿಲ್ಲ. ಬಾಗುತ್ತವೆ, ಬಾಯಿ ತೆರೆಯುತ್ತವೆ, ಮುಚ್ಚುತ್ತವೆ. ಹೀಗೆ ಆಕಾರ ಬದಲಿಸುತ್ತಲೇ ಕೆಲಸ ಮಾಡುತ್ತವೆ. ಅದನ್ನು ತಿಳಿಯಲು ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಮಣಿ, ಸ್ಪ್ರಿಂಗುಗಳ ಬಲೆ ಹೆಣೆಯುತ್ತಾರೆ. ಇಲ್ಲಿ ಒತ್ತಿದರೆ ಎಲ್ಲೋ ದೂರದ ತುದಿ ಅಲ್ಲಾಡುತ್ತದೆ. ಫೋರ್ಟ್ ಕಡೆಯ ಕಾಲೇಜೊಂದರಲ್ಲಿ ಇದನ್ನೇ ಓದುತ್ತಿರುವ ಶ್ರಾವ್ಯಾಗೆ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿನ ಬಲೆ ಅವಳ ಬೆರಳಿಗೆ ಸಿಗುವಂತೆ ಕಟ್ಟಿಕೊಡುವವರು ಹಾಲವ್ವ. ಇವತ್ತು ಹನ್ನೊಂದಕ್ಕೆ ಆ ಮಾದರಿ ಹಿಡಿದು ಅವಳು ಪರೀಕ್ಷಕರ ಮುಂದೆ ಕೂರಬೇಕು.

ಹಾಲವ್ವ ಗುಳೇದಗುಡ್ಡದವರು. ರವಿಕೆಯ ಖಣ ನೇಯುವ ಮಗ್ಗದಲ್ಲಿ ಪಳಗಿದ ಕೈ. ಗಂಡ ಬಂಡೆಪ್ಪನ ಜೊತೆ ಮುಂಬೈಗೆ ಬಂದು ಇಪ್ಪತ್ತಾರು ವರ್ಷವಾಯಿತು. ಕಟ್ಟಡದ ಕೆಲಸದಲ್ಲಿ ಬಿದಿರಿನ ಅಟ್ಟಣಿಗೆಯಿಂದ ಬಿದ್ದು ಬಂಡೆಪ್ಪ ಸೊಂಟ ಮುರಿದುಕೊಂಡ ಮೇಲೆ, ಈಕೆ ಗ್ರಾಂಟ್ ರೋಡಿನ ಸ್ಪ್ರಿಂಗ್ ಕಾರ್ಖಾನೆ ಸೇರಿದರು. ಸ್ಪ್ರಿಂಗು ಕೊಳ್ಳಲು ಬಂದ, ಶ್ರಾವ್ಯಾಳ ಕಾಲೇಜಿನ ಪ್ರೊಫೆಸರ್ ದೇವಾನಂದ ಆ ಕೈಚಳಕ ನೋಡಿ ಈ ಕೆಲಸ ಕೊಟ್ಟರು. ದಿನಕ್ಕೆ ಎಪ್ಪತ್ತು ಕೊಂಡಿ, ಮಾದರಿಯೊಂದಕ್ಕೆ ಒಂಬತ್ತು ದಿನ.

"ಎಳಿ ಅರ್ಧಕ್ಕ ಬಿಟ್ಟು ಮಗ್ಗದಿಂದ ಏಳಬಾರದು ಅಂತಿದ್ಲು ನಮ್ಮವ್ವ. ನೀರು ಬಂದ್ವು ಅಂತ ಎದ್ದೆ ನೋಡ್ರಿ, ಅಲ್ಲೇ ಕೆಟ್ಟೆ," ಎಂದು ಹಾಲವ್ವ ಹಣೆ ಬಡಿದುಕೊಳ್ಳುತ್ತಾರೆ. ಚಾಳಿನ ನಲ್ಲಿ ಯಾರಿಗೆ ಕಾಯುತ್ತದೆ ಹೇಳಿ!

ಬಂಡೆಪ್ಪ ಮಲಗಿದಲ್ಲಿಂದಲೇ ಗದರುತ್ತಾರೆ: "ಆರುನೂರಾಗ ಒಂದು ಹೋದ್ರ ಯಾರಿಗೆ ಗೊತ್ತಾಗತೈತಿ? ಸುಮ್ಮ ಕುಂಡ್ರು. ಹೇಳಿದ್ರ ಇದ್ದ ಕೆಲಸಾನೂ ಹೋಗತೈತಿ." ಮಾತು ಸುಳ್ಳಲ್ಲ. ಮಶೀನಿನಲ್ಲೇ ಮಾಡಿಸಿದರೆ ಸಾಲದೇ ಎನ್ನುವವರು ಕಾಲೇಜಿನಲ್ಲಿ ಆಗಲೇ ಇದ್ದಾರೆ. ಆದರೂ ಹಾಲವ್ವ ಸ್ಪ್ರಿಂಗನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಜಿಟಿಬಿ ನಗರದಲ್ಲಿ ಲೋಕಲ್ ಹತ್ತುತ್ತಾರೆ. ದಾರಿಯುದ್ದಕ್ಕೂ ಆ ಗಂಟನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಾರೆ.

ಕಾಲೇಜಿನ ವರಾಂಡದಲ್ಲಿ ಶ್ರಾವ್ಯಾ ಮಾದರಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ. ಮುಖ ಬಿಳಿಚಿಕೊಂಡಿದೆ.

"ತಪ್ಪಾಗೈತವ್ವಾ. ಒಂದು ಕೊಂಡಿ ಬಿಟ್ಟೇನಿ," ಎನ್ನುತ್ತಾ ಹಾಲವ್ವ ಸೆರಗಿನ ಗಂಟು ಬಿಚ್ಚುತ್ತಾರೆ.

ಹುಡುಗಿ ಗಳಗಳನೆ ಅಳುತ್ತಾಳೆ. "ಮೂರು ದಿನದಿಂದ ಒತ್ತುತ್ತಾ ಇದ್ದೇನೆ ಮೌಶಿ. ಇದರ ಬಾಯಿ ಮುಚ್ಚಬೇಕು ಅಂತ ಕಂಪ್ಯೂಟರ್ ಹೇಳ್ತದೆ, ನನ್ನ ಕೈಗೆ ಸಿಗುವುದೇ ಇಲ್ಲ. ಮೇರಾ ಹಾಥ್ ಹೀ ಗಲತ್ ಹೈ, ನನ್ನ ಕೈಯದ್ದೇ ತಪ್ಪು ಅಂತ ಮಾಡಿದ್ದೆ. ಸರ್‌ಗೆ ಹೇಳಲಿಕ್ಕೂ ಹೆದರಿಕೆ. ಎಲ್ಲ ಬಿಟ್ಟು ಮನೆಗೆ ಹೋಗುವಾ ಅಂತ ಇದ್ದೆ."

ಹಾಲವ್ವ ಕಣ್ಣು ಮುಚ್ಚಿ, ಮಗ್ಗದಲ್ಲಿ ಸಡಿಲಾದ ಎಳೆ ಹುಡುಕುವಂತೆ ಮಾದರಿಯ ಮೇಲೆ ಅಂಗೈ ಆಡಿಸುತ್ತಾರೆ. ನಡುವಿನ ಕೀಲಿನ ಬಳಿ ಕೈ ನಿಲ್ಲುತ್ತದೆ. ಸ್ಪ್ರಿಂಗು ಸಿಕ್ಕಿಸಿ, "ಈಗ ಒತ್ತವ್ವ," ಎನ್ನುತ್ತಾರೆ. ಶ್ರಾವ್ಯಾ ಒತ್ತುತ್ತಾಳೆ. ದೂರದ ತುದಿ ಮೆಲ್ಲಗೆ ಬಾಗಿ ಬಾಯಿ ಮುಚ್ಚುತ್ತದೆ.

"ಅಯ್ಯೋ ದೇವರೇ, ಬಂತು!"

ಬಾಗಿಲಲ್ಲಿ ನಿಂತ ದೇವಾನಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಾರೆ. ಶ್ರಾವ್ಯಾಳನ್ನು ಪರೀಕ್ಷೆಗೆ ಒಳಗೆ ಕರೆದುಕೊಂಡು ಹೋಗುತ್ತಾರೆ. ಇನ್ನೊಂದು ಮಾದರಿ ಕಟ್ಟಲು ಕರೆಯುತ್ತಾರೋ ಇಲ್ಲವೋ, ಹಾಲವ್ವನಿಗೆ ಗೊತ್ತಿಲ್ಲ. ಬೆಂಚಿನ ಮೇಲೆ ಕೂತು ಒಂದು ಗುಟುಕು ನೀರು ಕುಡಿದು, ತಮಗೆ ತಾವೇ ಹೇಳಿಕೊಳ್ಳುತ್ತಾರೆ:

"ಕೆಲಸ ಹೋದ್ರ ಹೋಗ್ಲಿ. ಸ್ಪ್ರಿಂಗ್ ಬಿಟ್ರ ಮತ್ತ ಹಾಕಬಹುದು. ಆ ಹುಡುಗಿಗೆ ತನ್ನ ಬೆರಳ ಮ್ಯಾಲಿನ ನಂಬಿಕಿ ಹೋಗಿದ್ರ, ಅದನ್ನ ನಾ ಯಾವ ಕೈಲೆ ಕಟ್ಟಿಕೊಡ್ತಿದ್ದೆ?"