ಭಾವನಿಗೆ ನಾನು ತಂದುಕೊಟ್ಟ ನೆನಪಿನ ಮಾತ್ರೆ

ಸಮಾರಂಭದ ಅಡುಗೆಯನ್ನು ನೈವೇದ್ಯಕ್ಕೆ ಮೊದಲು ನಮ್ಮಲ್ಲಿ ಯಾರೂ ರುಚಿ ನೋಡುವಂತಿಲ್ಲ. ಮುನ್ನೂರು ಜನರ ಹುಳಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಎಂಬುದು ಅಡುಗೆಯವರ ನೆನಪಿಗೆ ಬಿಟ್ಟದ್ದು. ಅಕ್ಕನ ಗಂಡ, ನನ್ನ ಭಾವ, ಕೊಪ್ಪ, ಶೃಂಗೇರಿಯ ಸುತ್ತ ನಲವತ್ತು ವರ್ಷ ಹೀಗೆ ಅಡುಗೆ ಮಾಡಿದವರು. ನಾನು ಅವರ ಜೊತೆ ತರಕಾರಿ ಹೆಚ್ಚುತ್ತ, ಬಡಿಸುತ್ತ ಮುದುಕನಾದವನು.

ಎರಡು ವರ್ಷದ ಹಿಂದೆ ಹರಿಹರಪುರದ ಹತ್ತಿರ ಒಂದು ಉಪನಯನ. ಭಾವ ಹುಳಿಗೆ ಉಪ್ಪು ಹಾಕಿ ಸಾರಿನ ಕಡೆ ಹೋದವರು, ತಿರುಗಿ ಬಂದು ಮತ್ತೊಮ್ಮೆ ಹಾಕಿದ್ದಾರೆ. ಮೊದಲ ಪಂಕ್ತಿಯಲ್ಲೇ ಒಬ್ಬ ಹಿರಿಯರು ನನ್ನನ್ನು ತಡೆದು, "ಎಂತ ಮಾರಾಯ, ಸಮುದ್ರವನ್ನೇ ಹೊತ್ಕೊಂಡು ಬಂದಿದ್ದೀಯಲ್ಲ!" ಎಂದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಭಾವ ಒಲೆಯ ಬಳಿಯಿಂದ ಹೊರಗೇ ಬರಲಿಲ್ಲ.

ಆಮೇಲೆ ಎರಡು ಮನೆಯವರು ಬೇರೆ ಅಡುಗೆಯವರನ್ನು ಕರೆದರು. ಭಾವ ಸೌಟು ಕೆಳಗಿಟ್ಟರೆ ನನ್ನನ್ನು ಕರೆಯುವವರು ಯಾರು? ಅವರ ಮರೆವಿಗಿಂತ ಈ ಹೆದರಿಕೆಯೇ ನನಗೆ ದೊಡ್ಡದಾಗಿತ್ತು. ಜಯಪುರದ ಒಂದು ಅಂಗಡಿಯಿಂದ ನೆನಪಿನ ಶಕ್ತಿಗೆಂದು ಮಾರುವ ಮಾತ್ರೆಯ ಬಾಟಲಿ ತಂದೆ. ಅದರ ಮೇಲೆ ಮಿದುಳಿನ ಚಿತ್ರವಿತ್ತು.

"ಎಂತ ಬರ್ದಿದೆ ನೋಡು. ಎಸೆಸೆಲ್ಸಿ ಪಾಸಾದವ ನೀನೇ ಅಲ್ವಾ?" ಎಂದರು ಭಾವ.

ಹಿಂಬದಿಯ ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿಕೊಂಡು ಓದಿದೆ. ಗಿಂಕೊ ಎಂಬ ಮರದ ಎಲೆಯ ಸಾರ. ಕೊನೆಯ ಸಾಲಿನಲ್ಲಿ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಇದನ್ನು ತೆಗೆದುಕೊಳ್ಳಬಾರದು ಎಂದಿತ್ತು. ಹೃದಯದ ವಾಲ್ವಿನ ಆಪರೇಷನ್ ಆದ ಮೇಲೆ ಭಾವ ದಿನಾ ಸಂಜೆ ನುಂಗುತ್ತಿದ್ದುದು ಅದೇ ಮಾತ್ರೆ.

"ಎಲೆಯ ಸಾರ ಅಷ್ಟೆ, ಭಾವ. ನಮ್ಮ ಒಂದೆಲಗದ ತಂಬುಳಿ ಇದ್ದ ಹಾಗೆ."

"ಡಾಕ್ಟ್ರಿಗೆ ಹೇಳ್ಬೇಕಾ?"

"ತಂಬುಳಿ ಉಣ್ಣೋಕೆ ಡಾಕ್ಟ್ರನ್ನ ಕೇಳ್ತೀರಾ? ನಗ್ತಾರೆ. ಅಕ್ಕನಿಗೂ ಹೇಳ್ಬೇಡಿ, ಸುಮ್ನೆ ಗಾಬರಿ ಬೀಳ್ತಾಳೆ."

ಮುಂದಿನ ಅಡುಗೆಯಲ್ಲಿ ಉಪ್ಪು ಸರಿಯಾಗಿತ್ತು. ಮಾತ್ರೆಯ ಗುಣ ಎಂದುಕೊಂಡೆ. ಆ ದಿನ ನಾನೇ ಪಕ್ಕದಲ್ಲಿ ನಿಂತು, ಅವರು ಎಷ್ಟು ಸಲ ಉಪ್ಪಿನ ಡಬ್ಬಿಗೆ ಕೈ ಹಾಕಿದರೆಂದು ಎಣಿಸುತ್ತಿದ್ದುದನ್ನು ಮರೆತುಬಿಟ್ಟೆ.

ಮೂರನೆಯ ವಾರ ಭಾವನ ತೋಳಿನಲ್ಲಿ ನೀಲಿ ಕಲೆಗಳು ಕಂಡವು. "ಕೊಪ್ಪರಿಗೆ ಇಳಿಸುವಾಗ ತಾಗಿರ್ಬೇಕು" ಎಂದೆ. ಹಲ್ಲುಜ್ಜುವಾಗ ರಕ್ತ ಬರುತ್ತದೆ ಎಂದರು. ಬ್ರಷ್ ಬದಲಾಯಿಸಿ ಎಂದೆ. ಮಾತ್ರೆ ನಿಲ್ಲಿಸಿ ಎಂದು ಮಾತ್ರ ಹೇಳಲಿಲ್ಲ.

ಮುತ್ತಿನಕೊಪ್ಪದ ಒಂದು ನಿಶ್ಚಿತಾರ್ಥದ ಬೆಳಿಗ್ಗೆ, ಪಾಯಸ ತಿರುವುತ್ತಿದ್ದ ಭಾವನ ಮೂಗಿನಿಂದ ರಕ್ತ ಇಳಿಯತೊಡಗಿತು. ಹೆಗಲ ಮೇಲಿನ ಬೈರಾಸು ಒತ್ತಿ ಹಿಡಿದು ಅದು ಒದ್ದೆಯಾದರೂ ರಕ್ತ ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ವಾಂತಿಯಲ್ಲೂ ರಕ್ತ ಬಂತು. ಜೀಪಿನಲ್ಲಿ ಎನ್.ಆರ್. ಪುರದ ಆಸ್ಪತ್ರೆಗೆ ಕರೆತಂದೆವು. ಸುದ್ದಿ ತಿಳಿದು ಅಕ್ಕನೂ ಬಂದಳು.

"ವಾಲ್ವಿನ ಮಾತ್ರೆ ಬಿಟ್ಟು ಬೇರೆ ಏನಾದ್ರೂ ತಗೊಳ್ತಿದ್ದಾರಾ?" ಡಾಕ್ಟರಮ್ಮ ಕೇಳಿದರು.

"ಇಲ್ಲಮ್ಮ. ಮಾತ್ರೆ ಡಬ್ಬಿ ನೋಡ್ಕೊಳ್ಳೋದು ನಾನೇ" ಎಂದಳು ಅಕ್ಕ.

ಮೂಗು, ಬಾಯಿಗೆ ಬಟ್ಟೆ ಒತ್ತಿಕೊಂಡಿದ್ದ ಭಾವನಿಗೆ ಮಾತಾಡಲಾಗುತ್ತಿರಲಿಲ್ಲ; ಡಾಕ್ಟರಮ್ಮ ನನ್ನ ಕಡೆ ನೋಡಿದರು. "ಇಲ್ಲ" ಎಂದೆ.

ಶಿವಮೊಗ್ಗಕ್ಕೆ ಸಾಗಿಸಲು ಆಂಬುಲೆನ್ಸ್ ಬರಬೇಕಿತ್ತು. ನಾನು ಹೊರಗಿನ ಬೆಂಚಿನಲ್ಲಿ ಕೂತೆ. ಒಳಗೆ ನರ್ಸ್ ರಕ್ತದ ಆ ಬಟ್ಟೆಯನ್ನು ಎರಡನೆಯ ಸಲ ಬದಲಿಸಿದರು. ಮೂರನೆಯ ಸಲ ಬದಲಿಸುವಾಗ ಎದ್ದು ಹೋಗಿ, ಅಕ್ಕ ಬಾಗಿಲಾಚೆ ಇದ್ದಾಳೆಂದು ಖಾತ್ರಿ ಮಾಡಿಕೊಂಡು, ಡಾಕ್ಟರಮ್ಮನಿಗೆ ನೆನಪಿನ ಮಾತ್ರೆಯ ವಿಷಯ ಹೇಳಿದೆ.

"ಅರ್ಧ ಗಂಟೆಯಿಂದ ಸುಮ್ನೆ ಕೂತಿದ್ರಾ?" ಎಂದವರೇ ಶಿವಮೊಗ್ಗಕ್ಕೆ ಫೋನ್ ಮಾಡಿದರು.

ಭಾವ ಉಳಿದರು. ಶಿವಮೊಗ್ಗದ ವಾರ್ಡಿನಲ್ಲಿ ಡಾಕ್ಟರಿಂದ ಮಾತ್ರೆಯ ವಿಷಯ ತಿಳಿದು ಅಕ್ಕ ಕೂಗಾಡಿದಾಗ ಅವರು, "ನಾನೇ ಹಟ ಮಾಡಿ ತರಿಸಿದ್ದು. ಅವನಿಗೆ ಬೈಬೇಡ" ಎಂದರು. ನಾನು ಕಿತ್ತಳೆ ಸುಲಿದು ಅವರ ಕೈಗಿಟ್ಟೆ. ಒಂದು ವರ್ಷ ನಿಜ ಹೇಳಲೇ ಇಲ್ಲ. ಭಾವ ಈಗ ಅಡುಗೆಗೆ ಹೋಗುವುದಿಲ್ಲ. ಬಂದವರಿಗೆಲ್ಲ ಅಕ್ಕ ಗಂಡನ ಹಟದ ಕಥೆ ಹೇಳುತ್ತಾಳೆ, ಅವರು ತಲೆ ತಗ್ಗಿಸಿ ಕೇಳುತ್ತಾರೆ.

ಹೋದ ತಿಂಗಳು ನೆಂಟರ ಮುಂದೆ ಮತ್ತೆ ಅದೇ ಕಥೆ ಶುರುವಾಯಿತು. ನನಗೆ ತಡೆಯಲಾಗಲಿಲ್ಲ. "ಅಕ್ಕ, ಭಾವ ಮಾತ್ರೆ ತಾ ಅಂತ ಕೇಳಿದ್ದೇ ಇಲ್ಲ. ತಂದಿದ್ದು ನಾನು. ರಕ್ತದ ವಿಷಯ ಅದರ ಮೇಲೇ ಬರ್ದಿತ್ತು."

"ನೀನು ಓದಿದ್ಯಾ ಅದನ್ನ?"

"ಓದಿದ್ದೆ."

ಅಕ್ಕ ಭಾವನ ಪಕ್ಕ ಹೋಗಿ ಕೂತಳು. ನನ್ನೊಡನೆ ಇನ್ನೂ ಮಾತಾಡಿಲ್ಲ.